ಆರ್‌ಸಿ ಹೆಲಿ ಹೇಳಿದ ಮಾತು ಕೇಳ್ತಿಲ್ವಾ? ಮೊದಲು ಸ್ಕ್ರೂಡ್ರೈವರ್, ಆಮೇಲೆ ರಿಮೋಟ್

ಆರ್‌ಸಿ ಹೆಲಿ, ಅಂದರೆ ರಿಮೋಟಿನಿಂದ ಹಾರಿಸುವ ಪುಟ್ಟ ಹೆಲಿಕಾಪ್ಟರ್, ಹಾರಿಸಲು ಹೊಸದಾಗಿ ಕಲಿಯುವವರು ತೊಂದರೆ ಕಂಡ ಕೂಡಲೇ ಕೈ ಹಾಕುವುದು ರಿಮೋಟ್‌ಗೆ. ಟ್ರಿಮ್ (ಸ್ಟಿಕ್ಕಿನ ನಡುಬಿಂದು ಸರಿಸುವ ಗುಂಡಿ) ಒತ್ತುತ್ತಾರೆ, ಗೇನ್ (ಸೆನ್ಸರ್ ಎಷ್ಟು ಜೋರಾಗಿ ತಿದ್ದಬೇಕು ಎಂಬ ಸೆಟ್ಟಿಂಗ್) ಏರಿಸುತ್ತಾರೆ, ಇಳಿಸುತ್ತಾರೆ, ಯಾವುದೋ ವಿಡಿಯೊದಲ್ಲಿ ನೋಡಿದ ಕರ್ವ್ (ಸ್ಟಿಕ್ ಎಷ್ಟು ತಳ್ಳಿದರೆ ಎಷ್ಟು ಫಲ ಎಂಬ ಸೆಟ್ಟಿಂಗ್) ತಂದು ಹಾಕುತ್ತಾರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮೊದಲಿದ್ದ ತೊಂದರೆ ಯಾವುದು, ತಾವೇ ತಂದುಕೊಂಡದ್ದು ಯಾವುದು ಎಂದು ಗೊತ್ತಾಗುವುದಿಲ್ಲ. ನಾನು ನೋಡಿದ ಮಟ್ಟಿಗೆ ಕಲಿಯುವವರ ತೊಂದರೆಗಳಲ್ಲಿ ಬಹುಪಾಲು ಎರಡೇ ಜಾತಿ. ಒಂದು, ಅದು ದೋಷವೇ ಅಲ್ಲ, ಹೆಲಿಕಾಪ್ಟರ್ ಇರುವುದೇ ಹಾಗೆ. ಇನ್ನೊಂದು, ಎಲ್ಲೋ ಏನೋ ಬಾಗಿದೆ, ಸಡಿಲವಾಗಿದೆ, ಇಲ್ಲಾ ಬಿಗಿ ಜಾಸ್ತಿಯಾಗಿದೆ. ಸೆಟ್ಟಿಂಗ್ ತಪ್ಪಿರುವುದು ಮೂರನೆಯದು. ಅದರ ಸರದಿ ಕೊನೆಗೆ.

ಇಲ್ಲಿ ಬರೆದಿರುವುದು ಮುಖ್ಯವಾಗಿ 450 ಸೈಜಿನ ಹೆಲಿಗಳ ಬಗ್ಗೆ. 325 ಮಿಲಿಮೀಟರ್ ಬ್ಲೇಡು, 3 ಸೆಲ್ಲಿನ 2200 ಎಂಎಎಚ್ ಬ್ಯಾಟರಿ, ಫ್ಲೈಬಾರ್ (ಹೆಲಿಯನ್ನು ಸ್ಥಿರವಾಗಿಡಲು ಮುಖ್ಯ ಬ್ಲೇಡುಗಳಿಗೆ ಅಡ್ಡಲಾಗಿ ಇರುವ ಸರಳು) ಇಲ್ಲದ ಹೆಡ್ಡು (ಬ್ಲೇಡುಗಳು ಕೂರುವ ಭಾಗ), ಬೆಲ್ಟಿನಿಂದ ತಿರುಗುವ ಟೇಲ್. ಟಿ-ರೆಕ್ಸ್ 450 ಮತ್ತು ಅದರ ನಕಲುಗಳು ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಸಿಗುತ್ತಿರುತ್ತವೆ, ಕಲಿಯುವವರ ಕೈಗೆ ಬರುವುದೂ ಅವೇ. ಅಂಗೈ ಅಗಲದ ಪುಟಾಣಿ ಹೆಲಿಗಳ ಬಗ್ಗೆ ನಡುವೆ ಒಂದೆರಡು ಮಾತು ಬರುತ್ತದೆ.

ಕೈ ಹಾಕುವ ಮುಂಚೆ

ಮೋಟರಿನ ಮೂರು ವೈರುಗಳನ್ನು, ಮೋಟರಿನ ವೇಗ ನಿಯಂತ್ರಿಸುವ ಪೆಟ್ಟಿಗೆಯಾದ ಇಎಸ್‌ಸಿಯಿಂದ ಬಿಚ್ಚಿ. ಮೇಜಿನ ಮೇಲೆ ಸರ್ವೋ (ರಿಮೋಟ್ ಹೇಳಿದಂತೆ ತೋಳು ತಿರುಗಿಸುವ ಪುಟ್ಟ ಮೋಟರ್), ಜೈರೋ (ತಿರುಗುವಿಕೆ ಅಳೆಯುವ ಸೆನ್ಸರ್), ರಿಮೋಟ್ ಪರೀಕ್ಷೆ ಮಾಡುವಾಗ ಮೋಟರ್ ತಿರುಗುವ ಅಗತ್ಯವೇ ಇಲ್ಲ. ಥ್ರಾಟಲ್ ಹೋಲ್ಡ್ (ಮೋಟರ್ ತಿರುಗದಂತೆ ತಡೆಯುವ ರಿಮೋಟಿನ ಸ್ವಿಚ್ಚು) ಹಾಕಿದ್ದೀನಲ್ಲ, ಸಾಕು ಅನ್ನಬೇಡಿ, ಶರ್ಟಿನ ತೋಳು ತಗುಲಿ ಆ ಸ್ವಿಚ್ಚು ಬಿದ್ದುಹೋಗುವುದು ಹೊಸ ಸಂಗತಿಯೇನಲ್ಲ. ಈ ಸೈಜಿನ ಬ್ಲೇಡು ನಿಮಿಷಕ್ಕೆ ಎರಡು ಸಾವಿರಕ್ಕಿಂತ ಜಾಸ್ತಿ ಸುತ್ತು ತಿರುಗುತ್ತದೆ, ಬೆರಳು ಕತ್ತರಿಸಲು ಅರ್ಧ ಸುತ್ತು ಸಾಕು.

ಮತ್ತೊಂದು ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ಚೀಟಿಯಲ್ಲಿ ಬರೆದಿಡಿ. ಎರಡನ್ನು ಒಟ್ಟಿಗೆ ಬದಲಿಸಿ ಹೆಲಿ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಇವು ದೋಷವೇ ಅಲ್ಲ

"ಹೆಲಿ ನೆಟ್ಟಗೆ ನಿಲ್ಲದೆ ಸ್ವಲ್ಪ ಬಲಕ್ಕೆ ವಾಲಿಕೊಂಡೇ ಇರುತ್ತದೆ." ಇರಬೇಕಾದದ್ದೇ ಹಾಗೆ. ಮೇಲಿನಿಂದ ನೋಡಿದರೆ ಈ ಹೆಲಿಗಳ ಮುಖ್ಯ ರೋಟರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಅದರಿಂದ ಮೈ ಉಲ್ಟಾ ತಿರುಗದಂತೆ ಟೇಲ್ ರೋಟರ್ ಬಾಲವನ್ನು ಎಡಕ್ಕೆ ತಳ್ಳುತ್ತಿರುತ್ತದೆ. ಆ ತಳ್ಳುವಿಕೆ ಬಾಲಕ್ಕೆ ಮಾತ್ರ ಅಲ್ಲ, ಇಡೀ ಹೆಲಿಗೇ ತಾಗುತ್ತದೆ, ಹಾಗಾಗಿ ಹೆಲಿ ಎಡಕ್ಕೆ ಜಾರುತ್ತದೆ. ಜಾರದೆ ಒಂದೇ ಕಡೆ ನಿಲ್ಲಬೇಕಾದರೆ ಡಿಸ್ಕು (ತಿರುಗುವ ಬ್ಲೇಡುಗಳ ತಟ್ಟೆ) ಚೂರು ಬಲಕ್ಕೆ ವಾಲಲೇಬೇಕು. ಅದನ್ನು ಟ್ರಿಮ್ ಹಾಕಿ ನೆಟ್ಟಗೆ ಮಾಡಲು ಹೊರಟರೆ ಹೆಲಿ ಪಕ್ಕಕ್ಕೆ ಹೊರಟೇಹೋಗುತ್ತದೆ.

"ನೆಲದಿಂದ ಅರ್ಧ ಅಡಿ ಮೇಲೆ ಬಂದರೆ ಸಾಕು, ಹುಚ್ಚೆದ್ದ ಹಾಗೆ ಆಡುತ್ತದೆ." ತನ್ನದೇ ಗಾಳಿ ನೆಲಕ್ಕೆ ಬಡಿದು ವಾಪಸ್ ಬಂದು ಅಲುಗಾಡಿಸುತ್ತದೆ. ಹೊಸಬರು ಭಯಕ್ಕೆ ಅಷ್ಟೇ ಎತ್ತರದಲ್ಲಿ ಹಾರಿಸುತ್ತಾರೆ, ಆದರೆ ಹಾರಿಸಲು ಅತಿ ಕಷ್ಟದ ಎತ್ತರ ಅದೇ. ಸೊಂಟದಿಂದ ಎದೆಮಟ್ಟದವರೆಗೆ ಎತ್ತಿ, ನಿಮ್ಮಿಂದ ಏಳೆಂಟು ಮೀಟರ್ ದೂರ ಇರಲಿ, ಆ ತೊಂದರೆ ತಾನಾಗಿ ಹೋಗುತ್ತದೆ.

"ನೆಲದ ಮೇಲಿರುವಾಗ ಸ್ಟಿಕ್ ಸ್ವಲ್ಪ ತಳ್ಳಿ ಬಿಟ್ಟರೆ ಸ್ವಾಶ್‌ಪ್ಲೇಟ್ ವಾಪಸ್ ಬರುವುದೇ ಇಲ್ಲ, ಒಂದು ಕಡೆ ವಾಲಿಕೊಂಡೇ ಇರುತ್ತದೆ." (ಸರ್ವೋಗಳ ಚಲನೆಯನ್ನು ತಿರುಗುವ ಬ್ಲೇಡುಗಳಿಗೆ ಮುಟ್ಟಿಸುವ ತಟ್ಟೆಯೇ ಸ್ವಾಶ್‌ಪ್ಲೇಟ್.) ಫ್ಲೈಬಾರ್ ಇಲ್ಲದ ಹೆಲಿಯ ಯೂನಿಟ್ಟಿಗೆ (ಫ್ಲೈಬಾರ್ ಬದಲು ಹೆಲಿಯನ್ನು ಸ್ಥಿರವಾಗಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ನಿಮ್ಮ ಸ್ಟಿಕ್ ಹೇಳುವುದು "ಇಷ್ಟು ವೇಗದಲ್ಲಿ ವಾಲು" ಎಂದು. ನೆಲದ ಮೇಲೆ ಅದು ವಾಲಲು ಆಗುವುದಿಲ್ಲ, ಹಾಗಾಗಿ ಯೂನಿಟ್ಟು ಇನ್ನೂ ಒತ್ತುತ್ತದೆ. ಸರ್ವೋ ಕೆಟ್ಟಿಲ್ಲ. ಆದರೆ ಇದನ್ನು ತಿಳಿಯದೆ ನೆಲದಲ್ಲೇ ಸ್ವಾಶ್ ಸರಿಮಾಡಲು ಸ್ಟಿಕ್ ಆಡಿಸುತ್ತಾ ಕೂತರೆ ಮೇಲೇಳುವ ಕ್ಷಣದಲ್ಲೇ ಹೆಲಿ ಮಗುಚುತ್ತದೆ. ರೋಟರ್ ವೇಗ ಹಿಡಿಯುವವರೆಗೆ ಹೆಲಿ ವಾಲಿಸುವ ಸ್ಟಿಕ್ಕಿನ ಮೇಲಿನ ಕೈ ಸುಮ್ನೆ ಇರಲಿ, ಆಮೇಲೆ ಅಳುಕದೆ ಒಂದೇ ಸಲಕ್ಕೆ ಮೇಲೆತ್ತಿ.

ಕೈ ಬಿಟ್ಟರೆ ಹೆಲಿ ತಾನಾಗಿ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ ಎನ್ನುವುದೂ ಇದೇ ಪಟ್ಟಿಗೆ ಸೇರಿದ್ದು. ಡ್ರೋನ್ ಹಾರಿಸಿ ಬಂದವರಿಗೆ ಇದು ದೊಡ್ಡ ದೋಷದಂತೆ ಕಾಣುತ್ತದೆ. ಜಿಪಿಎಸ್ ಇಲ್ಲದ ಹೆಲಿಗೆ ನೀವೇ ಜಿಪಿಎಸ್.

ನಡುಕ

ಇಲ್ಲಿ ಸ್ವಲ್ಪ ನಿಲ್ಲೋಣ. ಟೇಲ್ ಆಡುವುದು, ಹೆಲಿ ನಿಧಾನಕ್ಕೆ ಒಂದು ಕಡೆ ವಾಲುತ್ತಾ ಹೋಗುವುದು, ಇದ್ದಕ್ಕಿದ್ದಂತೆ ಜರ್ಕ್ ಹೊಡೆಯುವುದು, ಇವಕ್ಕೆಲ್ಲ ಬಹಳ ಸಲ ಬೇರು ನಡುಕವೇ. ಮೈಮೇಲಿರುವ ಸೆನ್ಸರಿಗೆ ನಡುಕವೂ ಚಲನೆಯೇ. ಆಗದ ತಿರುಗುವಿಕೆಯನ್ನು ಅದು ಆದಂತೆ ಓದಿ, ಇಲ್ಲದ ತಪ್ಪನ್ನು ತಿದ್ದಲು ಹೊರಡುತ್ತದೆ. ನಡುಕ ಇಟ್ಟುಕೊಂಡು ಗೇನ್ ತಿರುಗಿಸುವುದು ವ್ಯರ್ಥ.

ಮೊದಲು ನಡುಕ ನಿಧಾನದ್ದೋ ವೇಗದ್ದೋ ನೋಡಿ. ಹೆಲಿಯ ಮೈಯೆಲ್ಲ ಕುಲುಕುತ್ತಿದೆ, ಕಣ್ಣಿಗೆ ಆ ಕುಲುಕು ಕಾಣುತ್ತದೆ ಎಂದರೆ ಮುಖ್ಯ ರೋಟರಿನ ಕಡೆ ಹುಡುಕಿ. ಟೇಲ್ ಫಿನ್ನಿನ ಅಂಚು ಮಸುಕಾಗಿ ಎರಡೆರಡಾಗಿ ಕಾಣುತ್ತಿದೆ, ಝುಂಯ್ ಎಂಬ ಸಣ್ಣ ಸದ್ದಿದೆ ಎಂದರೆ ಟೇಲ್ ಅಥವಾ ಮೋಟರ್. ಟೇಲ್ ರೋಟರ್ ಮುಖ್ಯ ರೋಟರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ತಿರುಗುವುದರಿಂದ ಅದರ ನಡುಕವೂ ಅಷ್ಟೇ ಸಣ್ಣದು.

ಆಮೇಲೆ ಒಂದೊಂದಾಗಿ ಕಳಚುತ್ತಾ ಬನ್ನಿ. ಮುಖ್ಯ ಬ್ಲೇಡು ಬಿಚ್ಚಿ, ಮೋಟರ್ ವೈರ್ ವಾಪಸ್ ಹಾಕಿ, ಹೆಲಿಯನ್ನು ಗಟ್ಟಿಯಾಗಿ ಹಿಡಿದು ಕಡಿಮೆ ವೇಗದಲ್ಲಿ ತಿರುಗಿಸಿ ನೋಡಿ. ಟೇಲ್ ಬ್ಲೇಡುಗಳಿಂದ ಮುಖ, ಕೈ ದೂರ ಇರಲಿ. ನಡುಕ ಹೋಯಿತು ಎಂದರೆ ಬ್ಲೇಡು ಅಥವಾ ಬ್ಲೇಡು ಹಿಡಿಯುವ ಭಾಗ. ಹೋಗಲಿಲ್ಲ ಎಂದರೆ ಟೇಲ್ ಬ್ಲೇಡೂ ಬಿಚ್ಚಿ ಮತ್ತೆ ನೋಡಿ. ಆಗಲೂ ಇದ್ದರೆ ಶಾಫ್ಟು, ಬೇರಿಂಗು, ಮೋಟರು. ಪ್ರತಿ ಸಲ ಬಿಚ್ಚುವ ಮುಂಚೆ ಬ್ಯಾಟರಿ ತೆಗೆಯಿರಿ, ಇದು ಹೇಳಬೇಕಾದ ಮಾತಲ್ಲ, ಆದರೂ ಹೇಳುತ್ತಿದ್ದೇನೆ.

ಒಂದು ಸಲ ಮಗುಚಿದ ಹೆಲಿಯಲ್ಲಿ ನಾನು ಮೊದಲು ಅನುಮಾನ ಪಡುವುದು ಫೆದರಿಂಗ್ ಶಾಫ್ಟಿನ ಮೇಲೆ. ಎರಡು ಬ್ಲೇಡು ಗ್ರಿಪ್ಪುಗಳನ್ನು ಹೆಡ್ಡಿನ ಮೂಲಕ ಜೋಡಿಸುವ ಕಿರುಬೆರಳಿಗಿಂತ ತೆಳ್ಳನೆಯ ಸರಳು ಅದು. ಬ್ಲೇಡು ನೆಲಕ್ಕೆ ತಾಗಿದಾಗ ಮೊದಲು ಬಾಗುವುದೂ ಅದೇ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಂದು ಕಡೆಯ ಗ್ರಿಪ್ಪಿನ ಬೋಲ್ಟ್ ಬಿಚ್ಚಿ ಶಾಫ್ಟ್ ಹೊರತೆಗೆದು, ಕನ್ನಡಿಯ ಮೇಲೋ ಗಾಜಿನ ಟೀಪಾಯಿ ಮೇಲೋ ಇಟ್ಟು ಬೆರಳ ತುದಿಯಿಂದ ಉರುಳಿಸಿ. ನೇರ ಇದ್ದರೆ ಒಂದೇ ಸಮನೆ ಉರುಳಿ ಹೋಗುತ್ತದೆ. ಬಾಗಿದ್ದರೆ ಟಕ್ ಟಕ್ ಎನ್ನುತ್ತಾ ಕುಂಟುತ್ತದೆ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದರೆ ಶಾಫ್ಟಿನ ಕೆಳಗೆ ಬೆಳಕಿನ ಗೆರೆ ಕಂಡು ಮಾಯವಾಗುವುದೂ ಕಾಣುತ್ತದೆ. ಸುತ್ತಿಗೆಯಲ್ಲಿ ನೇರ ಮಾಡುವ ಆಸೆ ಬೇಡ. ಬಾಗಿದ್ದನ್ನು ಬಿಸಾಕಿ ಹೊಸದು ಹಾಕಿ. ಮೇನ್ ಶಾಫ್ಟಿಗೂ ಇದೇ ಪರೀಕ್ಷೆ.

ಶಾಫ್ಟ್ ವಾಪಸ್ ಹಾಕುವಾಗ ಥ್ರಸ್ಟ್ ಬೇರಿಂಗಿನ (ಬ್ಲೇಡಿನ ಹೊರಸೆಳೆತ ತಡೆಯುವ ಬೇರಿಂಗು) ಎರಡು ವಾಷರುಗಳನ್ನು ಗಮನಿಸಿ, ಅವು ನೋಡಲು ಒಂದೇ ಥರ, ಆದರೆ ಒಂದರ ತೂತು ಕೂದಲೆಳೆಯಷ್ಟು ದೊಡ್ಡದು. ದೊಡ್ಡ ತೂತಿನದು ಒಳಗೆ, ಹೆಡ್ಡಿನ ಕಡೆಗೆ. ಚಿಕ್ಕದು ಹೊರಗೆ, ಬೋಲ್ಟಿನ ಕಡೆಗೆ. ಅದಲುಬದಲಾದರೆ ರೋಟರ್ ವೇಗ ಹಿಡಿದಾಗ ಗ್ರಿಪ್ಪು ಬಿಗಿಯಾಗುತ್ತದೆ, ಸರ್ವೋಗಳು ಒದ್ದಾಡುತ್ತವೆ. ಬೋಲ್ಟಿಗೆ, ಅದು ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕ್ ಒಂದು ಚುಕ್ಕಿ, ಅಷ್ಟೇ. ಬೇರಿಂಗ್ ಒಳಗೆ ಹರಿದರೆ ಅದು ಮುಗಿದಂತೆ.

ಬ್ಲೇಡಿನ ಬೋಲ್ಟಿನ ಬಿಗಿಯೂ ಮುಖ್ಯ. ಹೆಲಿಯನ್ನು ಪಕ್ಕಕ್ಕೆ ವಾಲಿಸಿ ಹಿಡಿದರೆ ಬ್ಲೇಡು ಹಾಗೇ ನಿಲ್ಲಬೇಕು, ಚೂರು ಅಲ್ಲಾಡಿಸಿದರೆ ಕೆಳಗೆ ಬೀಳಬೇಕು. ಅದಕ್ಕಿಂತ ಬಿಗಿ ಇದ್ದರೆ ತಿರುಗುವಾಗ ಎರಡು ಬ್ಲೇಡುಗಳು ಒಂದೇ ಗೆರೆಗೆ ಬರುವುದಿಲ್ಲ, ಶುರುವಿನಲ್ಲೇ ಹೆಲಿ ದಡಬಡ ಕುಣಿಯುತ್ತದೆ. ತೀರಾ ಸಡಿಲವಾದರೂ ಅದೇ ಕುಣಿತ. ಹೆಡ್ಡಿನೊಳಗಿನ ರಬ್ಬರ್ ಡ್ಯಾಂಪರ್ ಸವೆದಿದ್ದರೂ ಹೀಗೇ ಆಗುತ್ತದೆ. ಕಲಿಯುವವರು ಕಾಲಿಗೆ ಕಟ್ಟುವ ಕಡ್ಡಿ-ಚೆಂಡಿನ ಟ್ರೇನಿಂಗ್ ಗೇರ್ ಸಡಿಲ ಇದ್ದರೆ ಅದೂ ತನ್ನ ಪಾಲಿನ ಕುಲುಕಾಟ ಸೇರಿಸುತ್ತದೆ, ಹಾಗಾಗಿ ಹೆಡ್ಡು ಬಿಚ್ಚುವ ಮುಂಚೆ ಅದರ ಕೇಬಲ್ ಟೈ ಒಮ್ಮೆ ಎಳೆದು ನೋಡಿ.

ಇಷ್ಟಾದ ಮೇಲೆ ಟ್ರ್ಯಾಕಿಂಗ್, ಅಂದರೆ ಎರಡು ಬ್ಲೇಡುಗಳು ಒಂದೇ ಎತ್ತರದಲ್ಲಿ ತಿರುಗುತ್ತಿವೆಯಾ ನೋಡುವುದು. ಒಂದು ಬ್ಲೇಡಿನ ತುದಿಗೆ ಕೆಂಪು, ಇನ್ನೊಂದಕ್ಕೆ ಅಷ್ಟೇ ಅಳತೆಯ ಕಪ್ಪು ಟೇಪು ಅಂಟಿಸಿ. ದೂರದಲ್ಲಿ ಕಣ್ಣಿನ ಮಟ್ಟಕ್ಕೆ ಎತ್ತಿ ಡಿಸ್ಕನ್ನು ಅಂಚಿನಿಂದ ನೋಡಿ, ಬೇಕಾದರೆ ಹಾರಿಸಲು ಬರುವವರ ಕೈಗೆ ಕೊಡಿ. ಎರಡು ಬಣ್ಣ ಒಂದೇ ಗೆರೆಯಲ್ಲಿರಬೇಕು. ಕೆಂಪು ಮೇಲೆ, ಕಪ್ಪು ಕೆಳಗೆ ಕಂಡರೆ ಒಂದು ಬ್ಲೇಡಿನ ಲಿಂಕನ್ನು (ಬ್ಲೇಡಿನ ಕೋನ ಬದಲಿಸುವ ಕಡ್ಡಿ) ಒಂದು ಸುತ್ತು ತಿರುಗಿಸಿ ಮತ್ತೆ ನೋಡಿ. ಅಂತರ ಹೆಚ್ಚಾದರೆ ಉಲ್ಟಾ ಕಡೆಗೆ. ಎಷ್ಟು ತಿರುಗಿಸಿದರೂ ಟ್ರ್ಯಾಕ್ ಕೂರದಿದ್ದರೆ, ಇವತ್ತು ಕೂತು ನಾಳೆ ತಪ್ಪಿದರೆ, ಅದು ಲಿಂಕಿನ ಮಾತಲ್ಲ. ಮತ್ತೆ ಆ ಫೆದರಿಂಗ್ ಶಾಫ್ಟು, ಇಲ್ಲಾ ಬುಡದಲ್ಲಿ ಬಿರುಕು ಬಿಟ್ಟ ಬ್ಲೇಡು. ಬಿರುಕಿರುವ ಬ್ಲೇಡಿಗೆ ಫೆವಿಕ್ವಿಕ್ ಹಾಕುವವರ ಪಕ್ಕ ನಾನಂತೂ ನಿಲ್ಲುವುದಿಲ್ಲ.

ಟೇಲ್

ಮೇಲೆದ್ದ ಕೂಡಲೇ ಹೆಲಿ ಬುಗುರಿಯಂತೆ ಗಿರಗಿರ ತಿರುಗಿತೇ? ಜೈರೋ ಉಲ್ಟಾ ಇರಬಹುದು. ಪರೀಕ್ಷೆ ಸುಲಭ. ಮೋಟರ್ ವೈರ್ ಬಿಚ್ಚಿದ ಹೆಲಿಯನ್ನು ಕೈಯಲ್ಲಿ ಹಿಡಿದು, ರಡ್ಡರ್ ಸ್ಟಿಕ್ (ಮೂತಿ ತಿರುಗಿಸುವುದು) ಬಲಕ್ಕೆ ಒತ್ತಿ, ಟೇಲ್ ಸ್ಲೈಡರ್ (ಟೇಲ್ ಬ್ಲೇಡುಗಳ ಕೋನ ಬದಲಿಸಲು ಜಾರುವ ಭಾಗ) ಯಾವ ಕಡೆ ಹೋಯಿತು ನೋಡಿ. ಈಗ ಸ್ಟಿಕ್ ಬಿಟ್ಟು ಹೆಲಿಯ ಮೂತಿಯನ್ನು ಎಡಕ್ಕೆ ಸರಕ್ಕನೆ ತಿರುಗಿಸಿ. ಸ್ಲೈಡರ್ ಮೊದಲು ಹೋದ ಕಡೆಗೇ ಹೋಗಬೇಕು. ಬೇರೆ ಕಡೆ ಹೋದರೆ ಜೈರೋ ರಿವರ್ಸ್ ಮಾಡಿ. ಸ್ವಾಶ್‌ಗೂ ಇದೇ ಲೆಕ್ಕ: ಹೆಲಿಯನ್ನು ಮುಂದಕ್ಕೆ ಬಾಗಿಸಿದರೆ ಸ್ವಾಶ್ ಹಿಂದಕ್ಕೆ ವಾಲಬೇಕು, ಬಲಕ್ಕೆ ಬಾಗಿಸಿದರೆ ಎಡಕ್ಕೆ.

ಜೈರೋ ಸರಿ ಇದ್ದೂ ತಿರುಗಿದರೆ ಬೆಲ್ಟ್ ನೋಡಿ. ಒಂದು ಕೈಯಲ್ಲಿ ಮೇನ್ ಗೇರ್ ಅಲುಗದಂತೆ ಹಿಡಿದು ಇನ್ನೊಂದು ಕೈಯಲ್ಲಿ ಟೇಲ್ ರೋಟರ್ ತಿರುಗಿಸಿ. ಕಟಕಟ ಎಂದು ಹಲ್ಲು ಹಾರಿದರೆ ಬೆಲ್ಟ್ ಸಡಿಲ, ಬೂಮ್ (ಬಾಲದ ಕೊಳವೆ) ಸ್ವಲ್ಪ ಹಿಂದಕ್ಕೆ ಎಳೆದು ಬಿಗಿ ಮಾಡಿ. ಬೂಮ್ ಬಿಚ್ಚಿ ಕಟ್ಟಿದ ಮೇಲೆ ಶುರುವಾದ ತೊಂದರೆಯಾದರೆ ಬೆಲ್ಟಿನ ತಿರುಚು ಉಲ್ಟಾ ಬಿದ್ದು ಟೇಲ್ ರೋಟರೇ ಹಿಂದುಮುಂದಾಗಿ ತಿರುಗುತ್ತಿರಬಹುದು. ಇದು ಆಗುವುದು ಸರ್ವೇಸಾಮಾನ್ಯ.

ಟೇಲ್ ಚಿಟಿಚಿಟಿ ಎಂದು ವೇಗವಾಗಿ ಅಲ್ಲಾಡಿದರೆ ಗೇನ್ ಜಾಸ್ತಿ. ಸ್ವಲ್ಪ ಇಳಿಸಿ. ನಿಧಾನಕ್ಕೆ ಆಕಡೆ ಈಕಡೆ ತೂಗಿದರೆ ಗೇನ್ ಕಡಿಮೆ ಎಂದು ಪುಸ್ತಕ ಹೇಳುತ್ತದೆ, ಆದರೆ ಅದನ್ನು ನಂಬುವ ಮುಂಚೆ ಟೇಲ್ ಸರ್ವೋದಿಂದ ಲಿಂಕ್ ಕಳಚಿ ಸ್ಲೈಡರನ್ನು ಬೆರಳಲ್ಲಿ ಸರಿಸಿ ನೋಡಿ. ತುದಿಯಿಂದ ತುದಿಗೆ ಎಣ್ಣೆ ಹಚ್ಚಿದಂತೆ ಜಾರಬೇಕು. ನಡುವೆ ಒಂದು ಕಡೆ ಸಿಕ್ಕಿಕೊಂಡರೂ ಗೇನಿನಿಂದ ಅದು ಸರಿಹೋಗುವುದಿಲ್ಲ. ಲಿಂಕಿನಲ್ಲಿ ಆಟ ಇದ್ದರೆ ಲಿಂಕ್ ಬದಲಿಸಿ. ಬೂಮಿಗೆ ಬಿಗಿದ ಸರ್ವೋ ಹಿಡಿಕೆ ಬಿದ್ದ ಪೆಟ್ಟಿಗೆ ಎರಡು ಮಿಲಿಮೀಟರ್ ಜಾರಿರಬಹುದು, ಹಳೆಯ ಗುರುತು ಬೂಮಿನ ಮೇಲೆ ಕಾಣುತ್ತದೆ.

ಥ್ರಾಟಲ್ ಎತ್ತಿದಾಗಲೆಲ್ಲ ಮೂತಿ ಒದೆಯುತ್ತದೆ ಎನ್ನುವವರು ರೋಟರ್ ವೇಗ ನೋಡಬೇಕು. ಹೊಸಬರು ನಿಧಾನಕ್ಕೆ ತಿರುಗಿದರೆ ಸುರಕ್ಷಿತ ಎಂದುಕೊಂಡು ವೇಗ ಇಳಿಸಿರುತ್ತಾರೆ. ಆಗ ಟೇಲಿಗೂ ಶಕ್ತಿ ಸಾಲದು. ಥ್ರಾಟಲ್ ಕರ್ವ್ ಮೆಟ್ಟಿಲಿನಂತೆ ಏರುತ್ತಿದ್ದರೆ ಸ್ಟಿಕ್ ಅಲುಗಿದಂತೆಲ್ಲ ರೋಟರ್ ವೇಗ ಬದಲಾಗಿ ಟೇಲ್ ಅದರ ಹಿಂದೆ ಓಡುತ್ತಿರುತ್ತದೆ. ಇಎಸ್‌ಸಿಯಲ್ಲಿ ಗವರ್ನರ್ (ರೋಟರ್ ವೇಗ ಒಂದೇ ಸಮ ಇಡುವ ವ್ಯವಸ್ಥೆ) ಇದ್ದರೆ ಬಳಸಿ, ಇಲ್ಲದಿದ್ದರೆ ಸಮತಟ್ಟಾದ ಕರ್ವ್ ಇಟ್ಟು ಬ್ಲೇಡಿನ ಕೋನವಾದ ಪಿಚ್‌ನಿಂದ ಏರಿಳಿಸಿ.

ಇನ್ನು ಬೆಲ್ಟಿನ ಹೆಲಿಗಳಿಗೇ ಇರುವ ಒಂದು ವಿಚಿತ್ರ. ಚಳಿಗಾಲ ಮುಗಿಯುವ ಹೊತ್ತಿನ ಒಣಹವೆಯಲ್ಲಿ ಬೆಲ್ಟ್ ಉಜ್ಜಿ ಸ್ಟ್ಯಾಟಿಕ್ ಕರೆಂಟ್ ಕೂಡಿಕೊಂಡು, ಅದು ಪಟ್ ಎಂದು ಹಾರಿದಾಗ ಟೇಲ್ ಒಮ್ಮೆ ಬೆಚ್ಚಿಬೀಳುತ್ತದೆ. ಮಳೆಗಾಲದಲ್ಲಿ ಇದು ಕಾಣುವುದೇ ಕಡಿಮೆ. ಬೆಲ್ಟಿಗೆ ಸ್ವಲ್ಪ ಸಿಲಿಕಾನ್ ಸ್ಪ್ರೇ ಹೊಡೆದು, ಬೂಮಿನಿಂದ ಮೋಟರ್ ಮೌಂಟಿಗೆ ಸಣ್ಣ ವೈರ್ ಎಳೆದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಹಲವು ಪುಟಾಣಿ ಹೆಲಿಗಳಲ್ಲಿ ಟೇಲಿಗೆ ಬೇರೆ ಮೋಟರ್ ಇರುತ್ತದೆ, ಬ್ರಷ್ಷಿನದು, ಅದು ಸವೆಯುವ ವಸ್ತು. ದಿನದಿನಕ್ಕೆ ಮೂತಿ ಒಂದೇ ಕಡೆ ಜಾಸ್ತಿ ತಿರುಗತೊಡಗಿದರೆ ಮೋಟರಿನ ಆಯಸ್ಸು ಮುಗಿಯುತ್ತಾ ಬಂದಿದೆ. ಹೊಸದು ತರಿಸುವ ಮುಂಚೆ ಅದರ ಕಡ್ಡಿಗೆ ತಲೆಕೂದಲು ಸುತ್ತಿಕೊಂಡಿದೆಯಾ ನೋಡಿ. ಮನೆಯೊಳಗೆ ಹಾರಿಸುವ ಹೆಲಿಗಳ ಅರ್ಧ ರೋಗ ಅದೇ.

ಒಂದೇ ಕಡೆ ಹೋಗುವುದು

ಮೊದಲು ಗಾಳಿ. ಬೆಳಿಗ್ಗೆ ಏಳರೊಳಗೆ ಇಲ್ಲದ ಡ್ರಿಫ್ಟ್ ಹತ್ತಕ್ಕೆ ಬಂದರೆ ಹೆಲಿಯನ್ನು ಯಾಕೆ ಬಯ್ಯಬೇಕು, ಅಲ್ವಾ? ಗಾಳಿ ಇಲ್ಲದಾಗಲೂ ಹೋಗುತ್ತದೆ ಎಂದರೆ ಸ್ವಾಶ್ ಸಮತಟ್ಟಾಗಿದೆಯಾ, ಮೂರು ಸರ್ವೋ ತೋಳುಗಳು ನಡುವಿನಲ್ಲಿ ನೇರ ನಿಂತಿವೆಯಾ ನೋಡಿ. ತಿದ್ದುವುದಾದರೆ ಲಿಂಕಿನಲ್ಲಿ, ಇಲ್ಲಾ ಯೂನಿಟ್ಟಿನ ಒಳಗಿನ ಸೆಟಪ್ಪಿನಲ್ಲಿ. ರಿಮೋಟಿನ ಟ್ರಿಮ್ ಫ್ಲೈಬಾರ್ ಇಲ್ಲದ ಹೆಲಿಗೆ ವಿಷ. ನೀವು ಎರಡು ಕ್ಲಿಕ್ ಟ್ರಿಮ್ ಕೊಟ್ಟರೆ ಯೂನಿಟ್ಟು ಅದನ್ನು "ನಿಲ್ಲದೆ ನಿಧಾನಕ್ಕೆ ಉರುಳು" ಎಂದು ಓದುತ್ತದೆ. ಟ್ರಿಮ್, ಸಬ್‌ಟ್ರಿಮ್ ಎರಡೂ ಸೊನ್ನೆಯಲ್ಲಿರಲಿ. ಬ್ಯಾಟರಿ ಹಾಕಿದ ಮೇಲೆ ಯೂನಿಟ್ಟು ಸೊನ್ನೆ ಹಿಡಿಯುವವರೆಗೆ ಹೆಲಿ ಅಲುಗಲೂಬಾರದು.

ಯೂನಿಟ್ಟನ್ನು ಹಿಡಿದಿರುವ ಎರಡು ಮುಖದ ಟೇಪನ್ನು ಮರೆಯಬೇಡಿ. ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಹೆಲಿ ಇಟ್ಟಿದ್ದರೆ ಅಂಟು ಮೆತ್ತಗಾಗಿ ಒಂದು ಮೂಲೆ ಎದ್ದಿರುತ್ತದೆ. ಉಗುರಿನಿಂದ ಮೆಲ್ಲಗೆ ಎತ್ತಿ ನೋಡಿದರೆ ಗೊತ್ತಾಗುತ್ತದೆ.

ಕೊನೆಗೆ ಸರ್ವೋ. ಸ್ಟಿಕ್ಕನ್ನು ಬಹಳ ನಿಧಾನಕ್ಕೆ ಒಂದು ತುದಿಯಿಂದ ಇನ್ನೊಂದಕ್ಕೆ ಒಯ್ಯಿರಿ. ಮೂರರಲ್ಲಿ ಒಂದು ಸರ್ವೋ ಒಂದೇ ಜಾಗದಲ್ಲಿ ಪ್ರತಿ ಸಲ ಹಾರಿ ಹೋದರೆ ಅದರ ಗೇರಿನ ಹಲ್ಲು ಮುರಿದಿದೆ. ಗೇರ್ ಸೆಟ್ ಬೇರೆಯಾಗಿ ಸಿಗುತ್ತದೆ, ಇಡೀ ಸರ್ವೋ ಕೊಳ್ಳಬೇಕಿಲ್ಲ.

ಶಕ್ತಿ ಸಾಲದು, ಸಂಪರ್ಕ ತಪ್ಪುತ್ತದೆ

ಮೋಟರ್ ಜೋರಾಗಿ ಕಿರುಚುತ್ತಿದೆ, ರೋಟರ್ ಮಾತ್ರ ಸೋಮಾರಿ: ಪಿನಿಯನ್ನಿನ (ಮೋಟರ್ ಮೇಲಿನ ಪುಟ್ಟ ಗೇರು) ಗ್ರಬ್ ಸ್ಕ್ರೂ ಸಡಿಲ, ಇಲ್ಲಾ ಒನ್‌ವೇ ಬೇರಿಂಗ್ ಜಾರುತ್ತಿದೆ, ಇಲ್ಲಾ ಮೇನ್ ಗೇರಿನ ಹಲ್ಲು ಹೋಗಿದೆ. ಗೇರ್ ಹೊಂದಿಸುವಾಗ ಎರಡರ ನಡುವೆ ತೆಳು ಕಾಗದದ ಚೂರು ಸಿಕ್ಕಿಸಿ ಒತ್ತಿ ಬಿಗಿದು, ಆಮೇಲೆ ತಿರುಗಿಸಿ ಹೊರತೆಗೆಯಿರಿ, ಅಷ್ಟು ಸಂದು ಸಾಕು. ಹಾರಾಟದ ಕೊನೆಕೊನೆಗೆ ಮಾತ್ರ ಶಕ್ತಿ ಇಳಿಯುತ್ತದೆ ಎಂದರೆ ಬ್ಯಾಟರಿ. ಇಳಿಸಿದ ಮೇಲೆ ಸೆಲ್ಲಿಗೆ 3.7 ವೋಲ್ಟ್ ಆಸುಪಾಸು ಉಳಿಯುವಂತೆ ಟೈಮರ್ ಇಡಿ. ಒಂದು ಸೆಲ್ ಉಳಿದೆರಡಕ್ಕಿಂತ ಬಹಳ ಕೆಳಗಿದ್ದರೆ ಆ ಪ್ಯಾಕ್ ಹಾರಾಟಕ್ಕೆ ನಾಲಾಯಕ್. ಊದಿದ ಪ್ಯಾಕಿಗೂ ಅದೇ ಮಾತು.

ಗಾಳಿಯಲ್ಲಿರುವಾಗ ಅರೆಕ್ಷಣ ಮಾತು ಕೇಳದೆ ಮತ್ತೆ ಸರಿಯಾಗುವುದು ಎಲ್ಲಕ್ಕಿಂತ ಅಪಾಯದ ಲಕ್ಷಣ. ರಿಮೋಟ್ ಮೇಲೆ ಅನುಮಾನ ಪಡುವ ಮುಂಚೆ ಬಿಇಸಿ (ರಿಸೀವರು, ಸರ್ವೋಗಳಿಗೆ ಕರೆಂಟ್ ಕೊಡುವ ಭಾಗ) ನೋಡಿ. ರಿಸೀವರಿನ ಖಾಲಿ ಚಾನೆಲ್ಲಿಗೆ ಮಲ್ಟಿಮೀಟರ್ ಹಿಡಿದು ಎಲ್ಲ ಸ್ಟಿಕ್ಕುಗಳನ್ನು ಒಟ್ಟಿಗೆ ಗಡಿಬಿಡಿಯಲ್ಲಿ ಆಡಿಸಿ. 5 ವೋಲ್ಟ್ ಇರಬೇಕಾದದ್ದು ಪ್ರತಿ ಸಲ ಧೊಪ್ಪನೆ ಕುಸಿದರೆ ಆ ಬಿಇಸಿ ನಾಲ್ಕು ಸರ್ವೋಗಳ ಭಾರ ತಾಳುವುದಿಲ್ಲ. ಆಮೇಲೆ ವೈರುಗಳು. ಕಾರ್ಬನ್ ಫ್ರೇಮಿನ ಅಂಚು ಚಾಕುವಿನಂತಿರುತ್ತದೆ, ಅದರ ಮೇಲೆ ಹಾದು ಹೋಗುವ ಸರ್ವೋ ವೈರಿನ ಪ್ಲಾಸ್ಟಿಕ್ ನಡುಕಕ್ಕೆ ಸವೆಯುತ್ತಾ ಬಂದು, ಒಳಗಿನ ತಾಮ್ರದ ಎಳೆ ಮಿಣುಕಿದರೆ ಸಾಕು, ಕಾರ್ಬನ್ನಿನಲ್ಲೂ ಕರೆಂಟ್ ಹರಿಯುವುದರಿಂದ ಶಾರ್ಟ್ ಆಗುತ್ತದೆ. ಟಾರ್ಚ್ ಹಿಡಿದು ಪ್ರತಿ ವೈರನ್ನು ಬೆರಳಲ್ಲಿ ತಿರುಗಿಸಿ ಅಡಿಭಾಗವನ್ನೂ ನೋಡಿ, ಸವೆತ ಇರುವುದು ಯಾವಾಗಲೂ ಕಾಣದ ಕಡೆಗೇ. ರಿಸೀವರಿನ ಎರಡು ಆಂಟೆನಾ ತುದಿಗಳು ಒಂದಕ್ಕೊಂದು 90 ಡಿಗ್ರಿಯಲ್ಲಿರಲಿ, ಕಾರ್ಬನ್ನಿನಿಂದ ಹೊರಗಿರಲಿ.

ರಿಪೇರಿ ಆದ ಮೇಲೆ

ಮೊದಲ ಸಲ ತಿರುಗಿಸುವಾಗ ಹತ್ತು ಮೀಟರ್ ದೂರ ನಿಲ್ಲಿ, ಡಿಸ್ಕಿನ ಅಂಚಿನ ನೇರಕ್ಕೆ ಯಾರೂ ಇರಬಾರದು. ಅರ್ಧ ನಿಮಿಷ ನೆಲದಲ್ಲೇ ತಿರುಗಿಸಿ ನಿಲ್ಲಿಸಿ, ಮೋಟರ್, ಇಎಸ್‌ಸಿ, ಬೇರಿಂಗ್ ಮುಟ್ಟಿ ಬಿಸಿ ನೋಡಿ, ಆಮೇಲೆ ಮೇಲೆತ್ತಿ. ಬೆಂಗಳೂರಿನವರು ಹಾರಿಸುವ ಜಾಗ ಆರಿಸುವಾಗ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನೂ ನೋಡಿಕೊಳ್ಳಿ. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಂದು ಸುತ್ತಲೂ ರನ್‌ವೇಗಳೇ ಇರುವ ಊರಿದು. ಖಾಲಿ ಮೈದಾನ ಸಿಕ್ಕಿತು ಎಂದ ಮಾತ್ರಕ್ಕೆ ಅಲ್ಲಿ ಹಾರಿಸಬಹುದು ಎಂದೇನಿಲ್ಲ.

ಬಿಡಿಭಾಗ ತರಿಸುವಾಗ ಒಂದೊಂದೇ ತರಿಸಬೇಡಿ, ಹೊರಗಿನಿಂದ ಬರಲು ವಾರಗಟ್ಟಲೆ ಹಿಡಿಯುತ್ತದೆ. ಫೆದರಿಂಗ್ ಶಾಫ್ಟ್ ಎರಡು ಜೊತೆ, ಮೇನ್ ಶಾಫ್ಟ್, ಮೇನ್ ಗೇರ್, ಅಗ್ಗದ ಬ್ಲೇಡು ಎರಡು ಜೊತೆ, ಟೇಲ್ ಬ್ಲೇಡು, ಬೂಮ್, ಬಾಲ್ ಲಿಂಕಿನ ಒಂದು ಪ್ಯಾಕೆಟ್, ಸರ್ವೋ ಗೇರ್ ಸೆಟ್. ದುಬಾರಿ ಕಾರ್ಬನ್ ಬ್ಲೇಡು ಮೂತಿ ನಿಮ್ಮ ಕಡೆ ತಿರುಗಿಸಿ ಹೋವರ್ ಮಾಡುವುದು (ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುವುದು) ಬಂದ ಮೇಲೆ ಸಾಕು.